ಹಣೆಯ ಮೇಲೆ 'ಎ' ಮುದ್ರೆ ಬಿದ್ದ ಮೇಲೆ

ಹೊಸೂರು ಕಡೆಯ ಓದುಗ ಕುಟುಂಬವೊಂದರ ಪತ್ರ ಈ ತಿಂಗಳು ನಮ್ಮ ಮುಂದಿದೆ. ಅವರ ಮಗ ಅಮೆರಿಕದಲ್ಲಿ ಕಂಪ್ಯೂಟರ್ ಕೆಲಸದಲ್ಲಿದ್ದಾನೆ. ಕಳೆದ ತಿಂಗಳು ಅವನು ಕಳಿಸಿದ ಫೋಟೋದಲ್ಲಿ ಹಣೆಯ ಮೇಲೆ ಶಾಯಿಯಿಂದ ಒತ್ತಿದ 'ಎ' ಎಂಬ ಮುದ್ರೆ, ಮುಖದ ತುಂಬ ನಗು. ವಿಮಾನದಿಂದ ಪ್ಯಾರಾಚೂಟ್ ಕಟ್ಟಿಕೊಂಡು ಹಾರುವ ಸ್ಕೈಡೈವಿಂಗ್ ಕಲಿತು ಲೈಸೆನ್ಸ್ ಪಡೆದನಂತೆ. "ಎರಡು ದಿನ ನಮಗೆ ಊಟ ಸೇರಲಿಲ್ಲ. ಬೇಡ ಎಂದರೆ ಕೇಳುವ ವಯಸ್ಸಲ್ಲ. ಲೈಸೆನ್ಸ್ ಬಂತೆಂದರೆ ಎಲ್ಲ ಕಲಿತಂತೆಯೇ? ನಾವು ಏನು ಕೇಳಬೇಕು, ಏನು ಹೇಳಬೇಕು ತಿಳಿಸಿ" ಎಂದು ತಂದೆ ತಾಯಿ ಇಬ್ಬರೂ ಸಹಿ ಹಾಕಿದ್ದಾರೆ.

ನಾವು ವಿಮಾನದಿಂದ ಹಾರಿದವರಲ್ಲ, ಈ ಜನ್ಮದಲ್ಲಿ ಹಾರುವ ಯೋಚನೆಯೂ ಇಲ್ಲ. ಆದರೆ ಮಕ್ಕಳು ದೂರ ದೇಶದಲ್ಲಿರುವ ಮನೆಗಳು ನಮ್ಮ ಧರ್ಮಕೇಂದ್ರಗಳಲ್ಲಿ ಈಗ ಒಂದೆರಡಲ್ಲ. ಆದ್ದರಿಂದ ವಿಷಯವನ್ನು ಸ್ವಲ್ಪ ವಿವರವಾಗಿಯೇ ನೋಡೋಣ.

ಮೊದಲು ಆ ಮುದ್ರೆಯ ಮಾತು. ಯುಎಸ್‌ಪಿಎ ಎಂಬ ಅಮೆರಿಕದ ಪ್ಯಾರಾಚೂಟ್ ಸಂಸ್ಥೆ ನಾಲ್ಕು ದರ್ಜೆಯ ಲೈಸೆನ್ಸ್ ಕೊಡುತ್ತದೆ. ಕನಿಷ್ಠ 25 ಬಾರಿ ಹಾರಿ, ನಿಗದಿತ ಪಾಠಗಳನ್ನು ಮುಗಿಸಿ, ಪರೀಕ್ಷೆ ಪಾಸಾದವರಿಗೆ 'ಎ'. 50 ಜಿಗಿತಕ್ಕೆ 'ಬಿ', 200ಕ್ಕೆ 'ಸಿ', 500ಕ್ಕೆ 'ಡಿ'. ಮೊದಲ ಲೈಸೆನ್ಸ್ ಸಿಕ್ಕ ದಿನ ಮುದ್ರೆಯನ್ನು ಕಾರ್ಡಿನ ಮೇಲೆ ಒತ್ತುವುದರ ಜೊತೆಗೆ ಹಣೆಗೂ ಒತ್ತಿ ನಗುವುದು ಅಲ್ಲಿನ ಅನೇಕ ಕ್ಲಬ್ಬುಗಳ ಪದ್ಧತಿ. ಅದರಲ್ಲಿ ಹೆದರುವಂಥದ್ದೇನೂ ಇಲ್ಲ, ತೊಳೆದರೆ ಹೋಗುತ್ತದೆ.

ಭಯಕ್ಕೂ ಒಂದು ಲೆಕ್ಕ ಬೇಕು. 2023ರಲ್ಲಿ ಅಮೆರಿಕದಲ್ಲಿ ಸುಮಾರು 36 ಲಕ್ಷ ಜಿಗಿತಗಳು ನಡೆದವು, ಸತ್ತವರು 10 ಮಂದಿ. 1970ರ ದಶಕದಲ್ಲಿ ಪ್ರತಿ ವರ್ಷ ಸರಾಸರಿ 40ಕ್ಕೂ ಹೆಚ್ಚು ಮಂದಿ ಸಾಯುತ್ತಿದ್ದರು, ಆಗ ಹಾರುವವರು ಈಗಿನಷ್ಟು ಇರಲೂ ಇಲ್ಲ. ಹಾಗೆಂದು ಇದು ಉಯ್ಯಾಲೆ ಆಟವಲ್ಲ. ಕಾಲು ಮುರಿದುಕೊಂಡವರು, ಸೊಂಟ ಪೆಟ್ಟು ಮಾಡಿಕೊಂಡವರು ಆ ಹತ್ತರ ಲೆಕ್ಕದಲ್ಲಿ ಬರುವುದಿಲ್ಲ.

ಈಗ ಮುಖ್ಯ ವಿಷಯಕ್ಕೆ ಬರೋಣ. ಮೊನ್ನೆಯವರೆಗೆ ಈ ಹುಡುಗನ ಪಕ್ಕದಲ್ಲಿ ಒಬ್ಬ ತರಬೇತುದಾರನಿದ್ದ. ಬೆನ್ನಿನ ಪಟ್ಟಿ ಸರಿಯಾಗಿದೆಯೇ, ಗಾಳಿ ಎಷ್ಟಿದೆ, ಇವತ್ತು ಹಾರಬಹುದೇ ಎಂದು ನೋಡುವ ಹೊಣೆ ಅವನದು. ಗಾಳಿ ಗಂಟೆಗೆ 14 ಮೈಲಿ ಮೀರಿದರೆ ವಿದ್ಯಾರ್ಥಿಯನ್ನು ನೆಲದಲ್ಲೇ ಕೂರಿಸುವ ನಿಯಮವಿತ್ತು. ಲೈಸೆನ್ಸ್ ಬಂದ ಮರುದಿನ ಆ ಮಿತಿ ಇಲ್ಲ. ಹಾರಬೇಕೋ ಬೇಡವೋ ಎಂಬುದನ್ನು ಅವನೇ ತೀರ್ಮಾನಿಸಬೇಕು. ವಿಮಾನದಲ್ಲಿ ಪಕ್ಕಕ್ಕೆ ಕೂತವರು ಸಾವಿರ ಸಲ ಹಾರಿದವರು, ಅವರು ಹೊರಟರೆಂದು ಇವನೂ ಹೊರಡುತ್ತಾನೆ. ಅವರಿಗೆ ಸಾಧ್ಯವಾದ ಗಾಳಿ ಇವನಿಗೆ ಆಗಬೇಕೆಂದಿಲ್ಲ. ಇಪ್ಪತ್ತೈದು ಜಿಗಿತ ಎಂದರೆ ದೊಡ್ಡ ಸಂಖ್ಯೆಯಂತೆ ಕೇಳಿಸುತ್ತದೆ. ಆದರೆ 13,000 ಅಡಿಯಿಂದ ಹಾರಿದರೂ ಪ್ಯಾರಾಚೂಟ್ ಬಿಚ್ಚುವವರೆಗೆ ಸಿಗುವುದು ಒಂದು ನಿಮಿಷದಷ್ಟು ಹೊತ್ತು. ಆ ಲೆಕ್ಕದಲ್ಲಿ ಅವನ ಒಟ್ಟು ಅನುಭವ ಅರ್ಧ ಗಂಟೆಯೂ ಆಗುವುದಿಲ್ಲ.

ಆ ಒಂದು ನಿಮಿಷದಲ್ಲಿ ದೇಹ ಗಂಟೆಗೆ 190 ಕಿಲೋಮೀಟರ್ ವೇಗದಲ್ಲಿ ಬೀಳುತ್ತಿರುತ್ತದೆ. ನಮ್ಮ ಭಯವೆಲ್ಲ ಅಲ್ಲೇ ನಿಂತಿದೆ: ಪ್ಯಾರಾಚೂಟ್ ಬಿಚ್ಚದಿದ್ದರೆ? ಅದಕ್ಕೆ ವ್ಯವಸ್ಥೆ ಇದೆ. ಬೆನ್ನಿನ ಚೀಲದಲ್ಲಿ ಇರುವುದು ಒಂದಲ್ಲ, ಎರಡು ಪ್ಯಾರಾಚೂಟ್. ಮೊದಲನೆಯದು ಕೈಕೊಟ್ಟರೆ ಅದನ್ನು ಕಳಚಿ ಎರಡನೆಯದನ್ನು ಬಿಚ್ಚುವುದನ್ನು ಕಲಿಸಿರುತ್ತಾರೆ. 'ಎ' ದರ್ಜೆಯವರು 3,000 ಅಡಿಗಿಂತ ಕೆಳಗೆ ಬರುವ ಮೊದಲೇ ಪ್ಯಾರಾಚೂಟ್ ಬಿಚ್ಚಬೇಕು. ತೊಂದರೆ ಇದ್ದರೆ ಏನು ಮಾಡುವುದೆಂದು 2,500 ಅಡಿಯೊಳಗೆ ತೀರ್ಮಾನಿಸಬೇಕು. ಮನುಷ್ಯ ಎಚ್ಚರ ತಪ್ಪಿದರೂ ತಾನಾಗಿ ಎರಡನೆಯದನ್ನು ಬಿಚ್ಚುವ ಪುಟ್ಟ ಯಂತ್ರವೂ ಇದೆ. ಜರ್ಮನಿಯಲ್ಲಿ 1991ರಲ್ಲಿ ಬಂದ 'ಸೈಪ್ರೆಸ್' ಎಂಬ ಯಂತ್ರ ಇದರಲ್ಲಿ ಪ್ರಸಿದ್ಧ. ಅನೇಕರ ಜೀವ ಅದರಿಂದ ಉಳಿದಿದೆ.

ವಿಚಿತ್ರವೆಂದರೆ, ಈಗಿನ ಕಾಲದ ಅಪಘಾತಗಳಲ್ಲಿ ದೊಡ್ಡ ಪಾಲು ಆಗುವುದು ಚೆನ್ನಾಗಿ ಬಿಚ್ಚಿಕೊಂಡ ಪ್ಯಾರಾಚೂಟಿನ ಕೆಳಗೆ. ನೆಲಕ್ಕೆ ಇಳಿಯುವಾಗ. ಹೆತ್ತವರು ಇದನ್ನು ಸರಿಯಾಗಿ ಅರ್ಥಮಾಡಿಕೊಳ್ಳಬೇಕು.

ಇಂದಿನ ಪ್ಯಾರಾಚೂಟ್ ಹಳೆಯ ಸಿನಿಮಾಗಳಲ್ಲಿ ಕಾಣುವ ದುಂಡನೆಯ ಕೊಡೆಯಲ್ಲ. ಅದು ಬಟ್ಟೆಯ ರೆಕ್ಕೆ. ಎಡಗೈಯ ಹಿಡಿ ಎಳೆದರೆ ಎಡಕ್ಕೆ, ಬಲಗೈಯದನ್ನು ಎಳೆದರೆ ಬಲಕ್ಕೆ ತಿರುಗುತ್ತದೆ. ತಿರುಗುವಾಗ ಮೂತಿ ಕೆಳಗೆ ಮಾಡಿ ವೇಗವಾಗಿ ಇಳಿಯುತ್ತದೆ. ಎತ್ತರದಲ್ಲಿ ಇದು ಮಜಾ. ನೂರು ಅಡಿಯಲ್ಲಿ ಇದೇ ಪ್ರಾಣಕ್ಕೆ ಬರುತ್ತದೆ. ಇಳಿಯುವ ಹೊತ್ತಿಗೆ ಎದುರಿಗೆ ಬೇಲಿಯೋ ಇನ್ನೊಬ್ಬನೋ ಕಂಡು, ಅಥವಾ ಗಾಳಿಗೆ ಮುಖ ಮಾಡಬೇಕೆಂಬ ಅವಸರಕ್ಕೆ, ಹೊಸಬ ಒಂದು ಹಿಡಿಯನ್ನು ಜೋರಾಗಿ ಎಳೆದುಬಿಡುತ್ತಾನೆ. ರೆಕ್ಕೆ ಪುನಃ ನೇರವಾಗುವ ಮೊದಲು ನೆಲ ಬಂದಿರುತ್ತದೆ. ಗಾಳಿ ಅಡ್ಡ ಬಂದರೂ, ಬೆನ್ನ ಹಿಂದಿನಿಂದ ಬೀಸಿದರೂ, ರೆಕ್ಕೆಯನ್ನು ಮಟ್ಟವಾಗಿಟ್ಟು ನೇರ ಇಳಿದು ಉರುಳಿದರೆ ಪ್ಯಾಂಟು ಹರಿಯಬಹುದು, ಮಂಡಿ ತರಚಬಹುದು. ತಗ್ಗಿನಲ್ಲಿ ತಿರುಗಿಸಿದರೆ ಆಸ್ಪತ್ರೆ, ಇಲ್ಲವೇ ಅದಕ್ಕಿಂತ ಕೆಟ್ಟದ್ದು.

ರೆಕ್ಕೆ ಚಿಕ್ಕದಾದಷ್ಟೂ ಈ ಅಪಾಯ ಹೆಚ್ಚು. ಹಾರುವವನ ತೂಕ ಮತ್ತು ಸಾಮಾನಿನ ತೂಕ ಸೇರಿಸಿ ಪೌಂಡಿನಲ್ಲಿ ಹಿಡಿದು, ಪ್ಯಾರಾಚೂಟಿನ ಚದರ ಅಡಿಯಿಂದ ಭಾಗಿಸುತ್ತಾರೆ. 'ಎ' ದರ್ಜೆಯವನಿಗೆ ಈ ಲೆಕ್ಕ ಒಂದನ್ನು ಮೀರಬಾರದು ಎಂಬುದು ಯುಎಸ್‌ಪಿಎ ಸಲಹೆ. ಹುಡುಗ 70 ಕಿಲೋ, ಸಾಮಾನು 12 ಕಿಲೋ ಎಂದಿಟ್ಟುಕೊಳ್ಳಿ. ಒಟ್ಟು 180 ಪೌಂಡು ಆಯಿತು. ಅಂದರೆ ಅವನ ಪ್ಯಾರಾಚೂಟ್ 180 ಚದರ ಅಡಿಗಿಂತ ಚಿಕ್ಕದಿರಬಾರದು. ಇನ್ನೂ ದೊಡ್ಡದಿದ್ದರೆ ಒಳ್ಳೆಯದೇ. ಆದರೆ ಕ್ಲಬ್ಬಿನಲ್ಲಿ ಹಳಬರು 120 ಅಡಿಯದ್ದನ್ನು ಹಿಡಿದು ನೆಲಕ್ಕೆ ಸವರಿದಂತೆ ಇಳಿಯುವುದನ್ನು ನೋಡಿದವನಿಗೆ ತನ್ನ ದೊಡ್ಡ ರೆಕ್ಕೆ ನಾಚಿಕೆಯ ವಸ್ತುವಾಗುತ್ತದೆ. ಸೆಕೆಂಡ್ ಹ್ಯಾಂಡ್ ಮಾರಾಟಕ್ಕೆ ಸಿಗುವುದರಲ್ಲೂ ಚಿಕ್ಕವೇ ಹೆಚ್ಚು, ಬೆಲೆಯೂ ಆಸೆ ಹುಟ್ಟಿಸುತ್ತದೆ. ಹೊಸೂರಿನವರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ. ಅಪ್ಪನ ಟಿವಿಎಸ್ ಮೊಪೆಡ್ಡಿನಲ್ಲಿ ಲೈಸೆನ್ಸ್ ಪಡೆದ ಹುಡುಗ ಮರುವಾರವೇ ದೊಡ್ಡ ಬೈಕಿಗೆ ಕೈ ಹಾಕುವುದನ್ನು ನಾವೆಲ್ಲ ನೋಡಿದವರೇ.

ಆದ್ದರಿಂದ, ಅಮ್ಮ ಅಪ್ಪ ಫೋನಿನಲ್ಲಿ ಕೇಳಬೇಕಾದದ್ದು "ಭಯವಾಗುವುದಿಲ್ಲವೇನಪ್ಪ" ಎಂದಲ್ಲ. "ನಿನ್ನ ಪ್ಯಾರಾಚೂಟ್ ಎಷ್ಟು ಅಡಿಯದ್ದು?" ಎಂದು ಕೇಳಿ. ಮಗ ಬೆಚ್ಚಿಬೀಳುತ್ತಾನೆ. ಮುಂದಿನ ಸಲ ಕೇಳಿದಾಗ ಆ ಸಂಖ್ಯೆ ಇಳಿದಿದ್ದರೆ ಯಾರ ಸಲಹೆಯ ಮೇಲೆ ಎಂದು ಕೇಳಿ. ರೆಕ್ಕೆಯನ್ನು ನಡೆಸುವುದಕ್ಕೆಂದೇ ಪ್ರತ್ಯೇಕ ತರಗತಿಗಳಿವೆ. 'ಬಿ' ದರ್ಜೆಗೆ ಅದು ಹೇಗೂ ಬೇಕು. ಬೇಗ ಮುಗಿಸಿದರೆ ಬೇಗ ಲಾಭ. ಹಬ್ಬಕ್ಕೆ ಏನಾದರೂ ಕಳಿಸಬೇಕೆಂದಿದ್ದರೆ ಆ ತರಗತಿಯ ಶುಲ್ಕವನ್ನೇ ಕಳಿಸಿ ಎಂದು ನಾವು ಹೇಳುತ್ತೇವೆ.

ಜೊತೆಗೂಡಿ ಹಾರುವ ವಿಷಯವೂ ಇದೆ. ಲೈಸೆನ್ಸ್ ಬಂದೊಡನೆ ಎಲ್ಲರೂ ಕರೆಯುತ್ತಾರೆ, ಹತ್ತು ಜನ ಕೈ ಹಿಡಿದು ವೃತ್ತ ಮಾಡೋಣ ಬಾ ಎಂದು. ಮೊದಲು ಒಬ್ಬ ಅನುಭವಿಯ ಜೊತೆ ಇಬ್ಬರೇ ಹಾರುವುದು, ಆಮೇಲೆ ಮೂವರು, ನಾಲ್ವರು, ಹೀಗೆ ಹೋಗುವುದು ಕ್ರಮ. ಬೀಳುತ್ತಿರುವವರು ಪರಸ್ಪರ ಡಿಕ್ಕಿ ಹೊಡೆದರೆ ಏನಾಗುತ್ತದೆಂದು ಬರೆಯಬೇಕಿಲ್ಲ. ಪ್ಯಾರಾಚೂಟ್ ಬಿಚ್ಚುವ ಮೊದಲು ಎಲ್ಲರೂ ದಿಕ್ಕಿಗೊಬ್ಬರಂತೆ ದೂರ ಸರಿಯಬೇಕು. ಅದು ಸರಿಯಾಗಿ ಬಾರದವನನ್ನು ಗುಂಪಿಗೆ ಸೇರಿಸುವುದು ತಪ್ಪು. ಹೆಲ್ಮೆಟ್ಟಿಗೆ ಕ್ಯಾಮೆರಾ ಸಿಕ್ಕಿಸುವುದಕ್ಕೆ 200 ಜಿಗಿತ ಆಗಲಿ ಎನ್ನುತ್ತಾರೆ. ತೋಳಿಗೂ ಕಾಲಿಗೂ ಬಟ್ಟೆ ಹೊಲಿದ ವಿಂಗ್‌ಸೂಟ್‌ಗೂ ಅಷ್ಟೇ. ಹೀಗಾಗಿ ಮಗ ಇಷ್ಟು ಬೇಗ ತನ್ನ ಹೆಲ್ಮೆಟ್ಟಿನಿಂದ ವಿಡಿಯೋ ತೆಗೆದು ಕಳಿಸಿದರೆ ಮೆಚ್ಚಿಕೊಳ್ಳಬೇಡಿ.

ಕ್ಯಾಲಿಫೋರ್ನಿಯಾದ ಪೆರಿಸ್, ಫ್ಲಾರಿಡಾದ ಡಿಲ್ಯಾಂಡ್ ಮುಂತಾದ ಕಡೆ ವರ್ಷವಿಡೀ ಹಾರುತ್ತಾರೆ. ಉತ್ತರದ ಹಿಮದ ರಾಜ್ಯಗಳಲ್ಲಿ ಚಳಿಗಾಲದ ತಿಂಗಳುಗಳು ಖಾಲಿ ಹೋಗುತ್ತವೆ. 'ಎ' ದರ್ಜೆಯವನು 60 ದಿನ ಹಾರದೆ ಉಳಿದರೆ ತರಬೇತುದಾರನ ಮೇಲ್ವಿಚಾರಣೆಯಲ್ಲಿ ಒಂದು ಸಲ ಹಾರಿ ಆಮೇಲೆ ಮುಂದುವರಿಯಬೇಕು ಎಂಬುದು ಸಲಹೆ. ಊರಿಗೆ ಎರಡು ತಿಂಗಳು ರಜೆಯ ಮೇಲೆ ಬಂದು ಹೋದ ಹುಡುಗನಿಗೂ ಇದು ಅನ್ವಯಿಸುತ್ತದೆ. ವಿಮಾನ ಹತ್ತುವ ಮುನ್ನ ನೆನಪಿಸಿ.

ಸಾಮಾನು ಕೊಳ್ಳುವ ಆತುರ ಬೇಡ. ಕೆಲವು ಕಾಲ ಕ್ಲಬ್ಬಿನದನ್ನೇ ಬಾಡಿಗೆಗೆ ಪಡೆಯಬಹುದು. ಕೊಳ್ಳುವುದಾದರೆ ಹಣ ಕೊಡುವ ಮೊದಲು ರಿಗ್ಗರ್‌ನಿಂದ, ಅಂದರೆ ಪ್ಯಾರಾಚೂಟ್ ಪರೀಕ್ಷಿಸಿ ಮಡಿಸಲು ಸರಕಾರದ ಪರವಾನಗಿ ಪಡೆದವನಿಂದ, ಪೂರ್ತಿ ತಪಾಸಣೆ ಮಾಡಿಸಬೇಕು. ಎರಡನೆಯ ಪ್ಯಾರಾಚೂಟನ್ನು ಅಲ್ಲಿನ ಕಾನೂನಿನಂತೆ 180 ದಿನಕ್ಕೊಮ್ಮೆ ರಿಗ್ಗರ್ ಬಿಚ್ಚಿ ನೋಡಿ ಮತ್ತೆ ಮಡಿಸಬೇಕು. ಮೊದಲನೆಯದನ್ನು ಮಡಿಸುವುದು ಅವನಿಗೇ ಗೊತ್ತಿರುತ್ತದೆ, ಲೈಸೆನ್ಸಿಗೆ ಅದೂ ಒಂದು ಪಾಠ. ನಮ್ಮ ಮನೆಗಳಲ್ಲಿ ಹಾಸಿದ ಚಾಪೆಯನ್ನೂ ಮಡಿಸದ ಹುಡುಗರು ನೆಲದ ಮೇಲೆ ಮಂಡಿಯೂರಿ 180 ಚದರ ಅಡಿ ಬಟ್ಟೆಯನ್ನು ಸುಕ್ಕಿಲ್ಲದೆ ಮಡಿಸುತ್ತಾರೆಂದರೆ ತಾಯಂದಿರು ಸ್ವಲ್ಪ ಸಮಾಧಾನ ಪಡಬಹುದು!

ಇನ್ನೊಂದು ಪದ್ಧತಿಯನ್ನೂ ಹೇಳಿಬಿಡುತ್ತೇವೆ, ಆಮೇಲೆ ತಿಳಿದು ಗಾಬರಿಯಾಗುವುದು ಬೇಡ. ಯಾವುದನ್ನಾದರೂ ಮೊದಲ ಸಲ ಮಾಡಿದವನು ಸಂಜೆ ಎಲ್ಲರಿಗೂ ಬಿಯರ್ ಕೊಡಿಸಬೇಕಂತೆ. ಕೊನೆಯ ವಿಮಾನ ಇಳಿದ ಮೇಲೆ ಮಾತ್ರ. ನೂರನೆಯ ಜಿಗಿತ ಮುಗಿಸಿದವನ ಮುಖಕ್ಕೆ ಕೆನೆಯ ಪೈ ಬಳಿಯುತ್ತಾರೆ. ಖರ್ಚು ಮಗನದೇ.

ಪತ್ರದ ಕೊನೆಯಲ್ಲಿ ತಂಗಿಯ ವಿಷಯವಿದೆ. ಅವಳೂ ಹಾರುತ್ತೇನೆ ಎನ್ನುತ್ತಿದ್ದಾಳಂತೆ, ಹೆಣ್ಣುಮಕ್ಕಳಿಗೆ ಇದೆಲ್ಲ ಏಕೆ ಎಂದು ಅಜ್ಜಿ ಗದರಿದರಂತೆ. ಅಜ್ಜಿಗೆ ಇಷ್ಟು ಹೇಳಿ: ರೇಚಲ್ ಥಾಮಸ್ ಅವರು 1979ರಲ್ಲೇ ಆಗ್ರಾದಲ್ಲಿ ಹಾರಿದವರು. 2002ರಲ್ಲಿ ಉತ್ತರ ಧ್ರುವದ ಹಿಮದ ಮೇಲೆ ಇಳಿದರು. 2005ರಲ್ಲಿ ಪದ್ಮಶ್ರೀ ಬಂತು. ಪುಣೆಯ ಶೀತಲ್ ಮಹಾಜನ್ 2004ರಲ್ಲಿ ಉತ್ತರ ಧ್ರುವದಲ್ಲಿ ಹಾರಿದರು, ಅವರಿಗೆ 2011ರಲ್ಲಿ ಪದ್ಮಶ್ರೀ ಸಂದಿತು. ತಂಗಿ ಹಾರುವುದಾದರೆ ಅಣ್ಣನಿಗೆ ಹೇಳಿದ ಮಾತೆಲ್ಲ ಅವಳಿಗೂ ಸೇರಿದ್ದು. ತೂಕ ಕಡಿಮೆಯಾದ್ದರಿಂದ ಲೆಕ್ಕದಲ್ಲಿ ಅವಳ ರೆಕ್ಕೆ ಚಿಕ್ಕದಾಗುತ್ತದೆ. ಚಿಕ್ಕ ರೆಕ್ಕೆಯ ದಾರಗಳೂ ಗಿಡ್ಡ, ಹಾಗಾಗಿ ಲೆಕ್ಕ ಒಂದೇ ಬಂದರೂ ಅದು ಚುರುಕಾಗಿ ತಿರುಗುತ್ತದೆ. ಅವಳು ಇನ್ನೂ ದೊಡ್ಡದನ್ನೇ ಹಿಡಿಯುವುದು ಲೇಸು.

ಹಣದ ಮಾತೊಂದು ಉಳಿಯಿತು. ಯುಎಸ್‌ಪಿಎ ಸದಸ್ಯತ್ವದೊಂದಿಗೆ ವಿಮೆ ಇರುತ್ತದೆ. ಅದು ಹಾರುವವನಿಂದ ಬೇರೆಯವರಿಗೆ ಅಥವಾ ಅವರ ಆಸ್ತಿಗೆ ಆದ ಹಾನಿಗೆ ಮಾತ್ರ. ಅವನ ಕಾಲು ಮುರಿದರೆ ಆಸ್ಪತ್ರೆಗೆ ಅದು ಒಂದು ಕಾಸೂ ಕೊಡುವುದಿಲ್ಲ. ಅಮೆರಿಕದ ಆಸ್ಪತ್ರೆಯ ಬಿಲ್ಲು ಎಂಥದ್ದೆಂದು ಅಲ್ಲಿ ಮಕ್ಕಳಿರುವ ಯಾರನ್ನಾದರೂ ಕೇಳಿ. ಕಂಪನಿಯ ಆರೋಗ್ಯ ವಿಮೆ ಇಂಥ ಗಾಯಗಳಿಗೆ ಅನ್ವಯಿಸುತ್ತದೆಯೇ ಎಂದು ಮಗ ಕಾಗದ ತೆಗೆದು ಓದಲಿ. ಜೀವ ವಿಮೆಯ ಅರ್ಜಿಯಲ್ಲಿ ಸಾಹಸ ಕ್ರೀಡೆಯ ಬಗ್ಗೆ ಕೇಳಿದರೆ ಇದ್ದದ್ದನ್ನು ಇದ್ದ ಹಾಗೆ ಬರೆಯಲಿ, ಕಂತು ಹೆಚ್ಚಾದರೂ ಸರಿ. ಊರಿನಲ್ಲಿ ಅವನ ಹೆಸರಿನಲ್ಲಿ ನೀವೇ ಕಟ್ಟುತ್ತಿರುವ ಹಳೆಯ ಪಾಲಿಸಿ ಇದ್ದರೆ, ಏಜೆಂಟರನ್ನು ಕರೆದು ಅದರ ಹಿಂಬದಿಯ ಸಣ್ಣಕ್ಷರಗಳನ್ನು ಈ ವಾರವೇ ಓದಿಸಿಕೊಳ್ಳಿ.