ಗಿಟಾರ್‌ಗೆ ಒಂದೇ ಶ್ರುತಿಯೇ? ವಾಸ್ತವ ಏನು?

ತಂತಿಗಳನ್ನು ಇ-ಎ-ಡಿ-ಜಿ-ಬಿ-ಇ ಶ್ರುತಿಯಲ್ಲೇ ಇಡಬೇಕು, ಬೆರಳಿಗೆ ಕಾರ್ಡ್ ಹಿಡಿಯಲು ಆಗದಿದ್ದರೆ ಗಿಟಾರ್ ನಿಮಗಲ್ಲ ಎಂದು ಹಲವರು ನಂಬಿದ್ದಾರೆ. ಇದು ನಿಜವಲ್ಲ. ಈ ಶ್ರುತಿ ರೂಢಿಯಷ್ಟೇ, ನಿಯಮವಲ್ಲ.

ಕೆನಡಾದ ಗಾಯಕಿ ಜೋನಿ ಮಿಚೆಲ್ ಅವರಿಗೆ 9ನೇ ವಯಸ್ಸಿನಲ್ಲಿ ಪೋಲಿಯೊ ತಗುಲಿ ಎಡಗೈ ದುರ್ಬಲವಾಯಿತು. ಕಷ್ಟದ ಕಾರ್ಡ್‌ಗಳ ಬದಲು ಅವರು ಶ್ರುತಿಯನ್ನೇ ಬದಲಿಸಿಕೊಂಡರು. ಅವರ ಹಾಡುಗಳಿಗೆ ಬೇರೆಯದೇ ನಾದ ಬಂದದ್ದು ಹೀಗೆ.

'ಓಪನ್ ಡಿ' ಶ್ರುತಿಯನ್ನೇ ನೋಡಿ: ಡಿ-ಎ-ಡಿ-ಎಫ್ ಶಾರ್ಪ್-ಎ-ಡಿ. ಇದಕ್ಕೆ 4 ತಂತಿಗಳನ್ನು ಸಡಿಲಿಸಿದರೆ ಸಾಕು, ಬಿಗಿ ಹೆಚ್ಚಿ ತುಂಡಾಗುವ ಭಯವಿಲ್ಲ. ಬೆರಳಿಡದೆ ಮೀಟಿದರೂ ಡಿ ಮೇಜರ್ ಕಾರ್ಡ್ ನುಡಿಯುತ್ತದೆ. ಒಂದೇ ಬೆರಳನ್ನು ಅಡ್ಡಲಾಗಿ ಒತ್ತಿದರೆ ಉಳಿದ ಮೇಜರ್ ಕಾರ್ಡ್‌ಗಳು ಸಿಗುತ್ತವೆ. ಹಳೆಯ ಅಭ್ಯಾಸ ಇಲ್ಲಿ ನಡೆಯದು, ಕಿವಿಯಿಂದಲೇ ಹುಡುಕಬೇಕು. ಹೊಸ ಧಾಟಿ ಹುಟ್ಟುವುದೂ ಅಲ್ಲೇ.

ಕೈಗೆ ಶಕ್ತಿಯಿಲ್ಲವೆಂದು ಗಿಟಾರ್ ಬಿಡುವ ಮುನ್ನ ಶ್ರುತಿ ಬದಲಿಸಿ ನೋಡಿ.