ಪತ್ರ ಬರೆಯಲು ಕಲಿಸುತ್ತೇವೆ, ಕರೆಯಲು ಕಲಿಸುತ್ತೇವೆಯೇ?

ಬೋಧನಾಭ್ಯಾಸದಲ್ಲಿ ನಾವು ಪ್ರಶಿಕ್ಷಣಾರ್ಥಿಗಳು ಕಲಿಸುವ ಎರಡು ಪಾಠಗಳ ಬಗ್ಗೆ ಇಲ್ಲಿ ನನ್ನ ಅಭಿಪ್ರಾಯ ಹೇಳಬಯಸುತ್ತೇನೆ. ಒಂದು, ಭಾಷಾ ತರಗತಿಯ ಆಮಂತ್ರಣ ಪತ್ರ. ಇನ್ನೊಂದು, ಕಂಪ್ಯೂಟರ್ ಕಚೇರಿ ಕೆಲಸವನ್ನು ಹೇಗೆ ಬದಲಿಸಿತು ಎಂಬ ಪಾಠ. ಗಣಿತ–ವಿಜ್ಞಾನ ಬೋಧನಾ ವಿಧಾನ ಆಯ್ದುಕೊಂಡ ನನಗೆ ಎರಡನೆಯದು ಹತ್ತಿರದ್ದು. ಮೊದಲನೆಯದನ್ನು ಸಹಪಾಠಿಗಳ ಪಾಠ ಅವಲೋಕನ ಮಾಡುವಾಗ ಮತ್ತೆ ಮತ್ತೆ ನೋಡಿದ್ದೇನೆ. ಇವೆರಡಕ್ಕೂ ಬೇರೆ ಬೇರೆ ಪಾಠಯೋಜನೆ ಬರೆಯುವುದು ನಮ್ಮ ರೂಢಿ. ಗೋಕಾಕ, ಮೂಡಲಗಿ, ಹುಕ್ಕೇರಿ ತಾಲೂಕುಗಳಂಥ ಕಡೆ ಇವೆರಡನ್ನೂ ಕೂಡಿಸಿಯೇ ಕಲಿಸಬೇಕು ಎಂಬುದು ನನ್ನ ವಾದ.

ಆಮಂತ್ರಣ ಪತ್ರವನ್ನು ನಾವು ಹೇಗೆ ಕಲಿಸುತ್ತೇವೆ? ಕಪ್ಪುಹಲಗೆಯ ಮೇಲೆ ಸ್ಥಳ, ದಿನಾಂಕ, ಸಂಬೋಧನೆ, ಒಡಲು, ಮುಕ್ತಾಯ, ಹೊರವಿಳಾಸ ಎಂದು ಅಂಗಗಳನ್ನು ಬರೆಯುತ್ತೇವೆ. ಒಂದೊಂದು ಅಂಗಕ್ಕೆ ಇಷ್ಟಿಷ್ಟು ಅಂಕ. ಇಂಗ್ಲಿಷ್ ತರಗತಿಯಲ್ಲಾದರೆ ಹುಟ್ಟುಹಬ್ಬದ ಪಾರ್ಟಿ, ಕೊನೆಯಲ್ಲಿ ‘ಬರುವುದನ್ನು ದಯವಿಟ್ಟು ಖಚಿತಪಡಿಸಿ’ ಎಂಬ ಸಾಲು. ಮಕ್ಕಳು ಬಾಯಿಪಾಠ ಮಾಡಿ ಚೆನ್ನಾಗಿಯೇ ಬರೆಯುತ್ತಾರೆ. ಆದರೆ ಆ ಪತ್ರ ಯಾರ ಕೈಗೂ ಹೋಗುವುದಿಲ್ಲ. ನೋಟ್‌ಬುಕ್ಕಿನಲ್ಲಿ ಹುಟ್ಟಿ, ಕೆಂಪು ಶಾಯಿಯ ಸಹಿಯಲ್ಲಿ ಮುಗಿಯುತ್ತದೆ.

ಅದೇ ಮಕ್ಕಳ ಮನೆಗಳಲ್ಲಿ ಕರೆಯುವ ಪದ್ಧತಿ ಎಷ್ಟು ದೊಡ್ಡ ಪಾಠ! ಲಗ್ನಪತ್ರಿಕೆಯ ಮೂಲೆಗಳಿಗೆ ಅರಿಷಿಣ ಹಚ್ಚಿ, ಮೊದಲ ಪತ್ರಿಕೆಯನ್ನು ಮನೆದೇವರ ಮುಂದೆ ಇಡುತ್ತಾರೆ. ಬೀಗರ ಮನೆಗೆ, ಅಣ್ಣತಮ್ಮಂದಿರ ಮನೆಗೆ ಸ್ವತಃ ಹೋಗುತ್ತಾರೆ. ಹೆಣ್ಣುಮಕ್ಕಳಿಗೆ ಕುಂಕುಮ ಹಚ್ಚಿ ‘ಮನೀ ಮಂದಿ ಎಲ್ಲಾರೂ ಬರ್ಬೇಕ್ರಿ’ ಎಂದು ಬಾಯಿಂದ ಹೇಳಿದ ಮೇಲೆಯೇ ಕರೆದಂತೆ. ಪತ್ರಿಕೆಯನ್ನು ಕೊಟ್ಟು ಸುಮ್ಮನೆ ಹೊರಟರೆ ‘ಕೊಟ್ಟ ಹೋದ್ರು, ಕರೀಲಿಲ್ಲ’ ಎಂಬ ಮಾತು ಬರುತ್ತದೆ. ಕರೆಸಿಕೊಂಡವರೂ ಎದುರಿಗೆ ‘ಬರೂದಿಲ್ಲ’ ಎನ್ನುವುದಿಲ್ಲ; ‘ಆತ್ರಿ, ಬರ್ತೀವಿ’ ಎನ್ನುತ್ತಾರೆ. ಮನೆಯವರು ಎಣಿಕೆಗಿಂತ ಹೆಚ್ಚೇ ಅಡುಗೆ ಮಾಡಿಸುತ್ತಾರೆ. ಇಂಗ್ಲಿಷ್ ಪಾಠದ ‘ಖಚಿತಪಡಿಸಿ’ ಎಂಬ ಸಾಲು ನಮ್ಮ ಮಕ್ಕಳಿಗೆ ವಿಚಿತ್ರವಾಗಿ ಕಾಣುವುದು ಇದೇ ಕಾರಣಕ್ಕೆ. ಎರಡೂ ಶಿಷ್ಟಾಚಾರಗಳೇ ಎಂದು ಹೋಲಿಸಿ ಹೇಳಿದರೆ ಅರ್ಧ ಪಾಠ ಅಲ್ಲೇ ಆಗುತ್ತದೆ. ಎಣಿಸಿ ಊಟ ಹಾಕುವಲ್ಲಿ ಉತ್ತರ ಕೊಡುವುದು ಸೌಜನ್ಯ. ಎಣಿಸದೆ ಊಟ ಹಾಕುವಲ್ಲಿ ಒಲ್ಲೆ ಎನ್ನದಿರುವುದು ಸೌಜನ್ಯ.

ಹಳೆಯ ಪದ್ಧತಿಯೆಲ್ಲ ಒಳ್ಳೆಯದೇ ಆಗಿತ್ತು ಎಂದು ನಾನು ಹೇಳುತ್ತಿಲ್ಲ. ಯಾರನ್ನು ಒಳಗೆ ಹೋಗಿ ಕರೆಯಬೇಕು, ಯಾರನ್ನು ಅಂಗಳದಿಂದ ಕೂಗಿ ಹೇಳಿದರೆ ಸಾಕು, ಯಾರ ಓಣಿಗೆ ಹೋಗುವುದೇ ಬೇಡ ಎಂಬ ಲೆಕ್ಕವೂ ಅದರಲ್ಲಿತ್ತು. ಆ ಲೆಕ್ಕದಲ್ಲಿ ಜಾತಿಯಿತ್ತು, ಹಣವಿತ್ತು. ತರಗತಿಯಲ್ಲೂ ಇದರ ನೆರಳು ಕಾಣುತ್ತದೆ. ಹುಟ್ಟುಹಬ್ಬದ ದಿನ ಎಲ್ಲರೆದುರು ನಾಲ್ಕೇ ಗೆಳೆಯರನ್ನು ಮನೆಗೆ ಕರೆಯುವ ಮಗು, ಕರೆಸಿಕೊಳ್ಳದೆ ತಲೆ ತಗ್ಗಿಸುವ ಮಗು ನಮ್ಮ ಕಣ್ಣಮುಂದೆಯೇ ಇರುತ್ತಾರೆ. ಕೆಲವರನ್ನೇ ಕರೆಯುವುದಾದರೆ ಉಳಿದವರ ಮುಂದೆ ಕರೆಯಬಾರದು ಎಂಬ ಸಣ್ಣ ನಿಯಮ ಯಾವ ಪತ್ರದ ಅಂಗದಲ್ಲೂ ಬರುವುದಿಲ್ಲ. ಅದನ್ನು ಹೇಳಿಕೊಡಬೇಕಾದವರು ನಾವೇ.

ಇನ್ನು ಕಂಪ್ಯೂಟರ್ ಪಾಠ. ವೇಗ, ನಿಖರತೆ, ಸಂಗ್ರಹ ಎಂದು ಮೂರು ಅಂಶ ಬರೆಸಿ ಮುಗಿಸುವುದೇ ಹೆಚ್ಚು. ಮಕ್ಕಳ ಮನೆಗೇ ಸಂಬಂಧಿಸಿದ ಉದಾಹರಣೆ ಪಕ್ಕದಲ್ಲೇ ಇರುವಾಗ ಹೀಗೇಕೆ? ನಮ್ಮ ಭಾಗದಲ್ಲಿ ‘ಉತಾರ’ ಎನ್ನುವ ಪಹಣಿ ಮೊದಲು ತಲಾಟಿಯ ಕೈಬರಹದಲ್ಲಿತ್ತು. ವಹಿ ಅವರ ಹತ್ತಿರ. ಅವರು ಸಿಕ್ಕರೆ ಉತಾರ, ಇಲ್ಲವಾದರೆ ಮತ್ತೊಂದು ದಿನದ ಕೂಲಿ ಹೋಯಿತು. ಭೂಮಿ ಯೋಜನೆಯಲ್ಲಿ ರಾಜ್ಯದ ಸುಮಾರು 67 ಲಕ್ಷ ರೈತರ ಸುಮಾರು 2 ಕೋಟಿ ಪಹಣಿಗಳು ಕಂಪ್ಯೂಟರಿಗೆ ಬಂದವು. ಆರಂಭದಲ್ಲಿ ತಾಲೂಕು ಕಚೇರಿಯ ಕಿಟಕಿಯಲ್ಲಿ 15 ರೂಪಾಯಿ ಕೊಟ್ಟರೆ ಅಚ್ಚಾದ ಉತಾರ ಕೈಗೆ ಸಿಗುವಂತಾಯಿತು. ಹಕ್ಕು ಬದಲಾವಣೆಯ ಅರ್ಜಿಗಳನ್ನು ಬಂದ ಸರತಿಯಲ್ಲೇ ತೆಗೆದುಕೊಳ್ಳಬೇಕೆಂಬ ನಿಯಮವನ್ನು ಯಂತ್ರದೊಳಗೇ ಇಟ್ಟರು. ದೊಡ್ಡವರ ಅರ್ಜಿ ಮೊದಲು, ಬಡವರ ಅರ್ಜಿ ಆಮೇಲೆ ಎನ್ನುವುದು ಸುಲಭವಲ್ಲದಾಯಿತು. ಮನೆಮನೆಗೆ ಹೋಗಿ ಕರೆಯುವ ಪದ್ಧತಿಯಲ್ಲಿ ಇಲ್ಲದಿದ್ದ ಸಮಾನತೆ ಇದು.

ಆದರೆ ಆ ವ್ಯವಸ್ಥೆಯಲ್ಲೇ ಇನ್ನೊಂದು ಅಂಶವಿದೆ. ಹೊಲದ ಹಕ್ಕು ಬದಲಾಗುವ ಮೊದಲು ಸಂಬಂಧಪಟ್ಟವರಿಗೆ ನೋಟಿಸು ಹೋಗಬೇಕು, ತಕರಾರು ಹೇಳಲು ನಿಗದಿತ ದಿನಗಳ ಅವಕಾಶ ಸಿಗಬೇಕು. ನೋಟಿಸನ್ನು ಕಂಪ್ಯೂಟರ್ ಅಚ್ಚು ಹಾಕುತ್ತದೆ. ಅದನ್ನು ಊರಿಗೆ ಒಯ್ದು ಮುಟ್ಟಿಸುವ ಕೆಲಸ ಮಾತ್ರ ಗ್ರಾಮ ಲೆಕ್ಕಾಧಿಕಾರಿಯದೇ ಆಗಿ ಉಳಿಯಿತು. ಅಂದರೆ ಯಂತ್ರ ಬರೆಯುವ ಕೆಲಸವನ್ನು ತೆಗೆದುಕೊಂಡಿತು, ಮುಟ್ಟಿಸುವ ಕೆಲಸ ಮನುಷ್ಯನಿಗೇ ಉಳಿಯಿತು. ನನ್ನ ಪ್ರಕಾರ ‘ಕಂಪ್ಯೂಟರ್ ಮತ್ತು ಕಚೇರಿ’ ಪಾಠದ ತಿರುಳು ಇಷ್ಟೇ. ಆಮಂತ್ರಣದ ಪಾಠದ ತಿರುಳೂ ಇದೇ.

ಇದು ಶಾಲೆಗೆ ಹೇಗೆ ಸಂಬಂಧ? ಶಾಲೆಯ ಕಚೇರಿಯೂ ಬದಲಾಗಿದೆ. ಕಾರ್ಬನ್ ಹಾಳೆ, ಸ್ಟೆನ್ಸಿಲ್, ಸೈಕ್ಲೋಸ್ಟೈಲ್ ಹೋದವು. ಆವಕ–ಜಾವಕ ವಹಿ ಇನ್ನೂ ಇದ್ದರೂ ಮಕ್ಕಳ ಮಾಹಿತಿ ಎಸ್‌ಎಟಿಎಸ್‌ನಲ್ಲಿದೆ. ಪಾಲಕರ ಸಭೆಯ ಸೂಚನೆ ಈಗ ವಾಟ್ಸ್‌ಆ್ಯಪ್ ಗ್ರೂಪಿಗೆ ಹೋಗುತ್ತದೆ. ‘ಗ್ರೂಪಿಗೆ ಹಾಕೀವ್ರಿ’ ಎಂದರೆ ಕೆಲಸ ಮುಗಿಯಿತು ಎಂಬ ಭಾವನೆ ನಮ್ಮಲ್ಲೂ ಬರುತ್ತಿದೆ. ಆದರೆ ಆ ಮೊಬೈಲು ಯಾರ ಕೈಯಲ್ಲಿದೆ? ಕಬ್ಬು ಕಡಿಯಲು ಹೋದ ತಂದೆಯ ಕಿಸೆಯಲ್ಲಿ, ಇಲ್ಲವೇ ಕಾಲೇಜಿಗೆ ಹೋಗುವ ಅಣ್ಣನ ಹತ್ತಿರ. ದಿನವೂ ಮಗುವಿಗೆ ಬುತ್ತಿ ಕಟ್ಟುವ ತಾಯಿಗೆ ಸೂಚನೆ ಮುಟ್ಟುವುದೇ ಇಲ್ಲ. ಮುಟ್ಟಿದರೂ ಆಕೆಗೆ ಓದು ಬಾರದಿರಬಹುದು. ಆಮೇಲೆ ‘ಈ ಪಾಲಕರಿಗೆ ಕಾಳಜಿಯೇ ಇಲ್ಲ’ ಎಂದು ನಾವು ಸಭೆಯ ವರದಿಯಲ್ಲಿ ಬರೆಯುತ್ತೇವೆ. ಕರೆಯದವರ ಮೇಲೆ ಬಾರದ ತಪ್ಪು ಹೊರಿಸುವುದು ಯಾವ ಶಿಷ್ಟಾಚಾರ?

ಶಾಲೆಯ ಕರೆ ಬರೀ ಮರ್ಯಾದೆಯ ಮಾತೂ ಅಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಶಾಲೆಯ ಆಡಳಿತ ಸಮಿತಿಯಲ್ಲಿ ಕನಿಷ್ಠ ನಾಲ್ಕರಲ್ಲಿ ಮೂರು ಪಾಲು ತಂದೆತಾಯಿ ಅಥವಾ ಪಾಲಕರಿರಬೇಕು, ಸದಸ್ಯರಲ್ಲಿ ಅರ್ಧದಷ್ಟು ಮಹಿಳೆಯರಿರಬೇಕು. ಸಹಕಾರಿ ಸಂಘಗಳ ನಾಡಿನಲ್ಲಿ ಬೆಳೆದ ನಮಗೆ ಇದು ಬೇಗ ಅರ್ಥವಾಗಬೇಕು. ಹುಕ್ಕೇರಿಯಲ್ಲಿ 1969ರಿಂದ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘವಿದೆ. ಅಂಥ ಸಂಘದ ಸರ್ವಸಾಧಾರಣ ಸಭೆಗೆ ಸದಸ್ಯರನ್ನು ಕರೆಯುವುದು ಉಪಕಾರವಲ್ಲ. ಕರೆಸಿಕೊಳ್ಳುವುದು ಅವರ ಹಕ್ಕು. ಪಾಲಕರ ಸಭೆಯೂ ಹಾಗೆಯೇ.

ಹಾಗಾದರೆ ಪಾಠಯೋಜನೆ ಹೇಗಿರಬೇಕು? ನನ್ನ ಸಲಹೆ ಹೀಗಿದೆ. ಪಾಲಕರ ಸಭೆಗೆ ವಾರ ಮೊದಲು ಏಳನೆಯ ಅಥವಾ ಎಂಟನೆಯ ತರಗತಿಯಲ್ಲಿ ಭಾಷೆ ಮತ್ತು ಗಣಿತದ ಪ್ರಶಿಕ್ಷಣಾರ್ಥಿಗಳು ಕೂಡಿ ಎರಡು ಅವಧಿ ತೆಗೆದುಕೊಳ್ಳಲಿ. ಮೊದಲು ಮಕ್ಕಳು ಆಮಂತ್ರಣವನ್ನು ಬಾಯಿಂದ ಹೇಳಲಿ: ಅವ್ವನಿಗೆ ಹೇಗೆ, ಅಜ್ಜನಿಗೆ ಹೇಗೆ, ಗ್ರಾಮ ಪಂಚಾಯ್ತಿ ಅಧ್ಯಕ್ಷರಿಗೆ ಹೇಗೆ ಎಂದು. ಆಮೇಲೆ ಬರೆಯಲಿ: ಏಕೆ, ಎಲ್ಲಿ, ಯಾವಾಗ, ಎಷ್ಟು ಹೊತ್ತು ಎಂಬ ನಾಲ್ಕು ವಿಷಯ ಬಿಡದಂತೆ. ಮೂರನೆಯದಾಗಿ ಟೈಪು ಮಾಡಲಿ. ಹಳೆಯ ನುಡಿ ಅಕ್ಷರಗಳಲ್ಲಿ ಟೈಪು ಮಾಡಿದ್ದನ್ನು ಹಾಗೆಯೇ ಮೊಬೈಲಿಗೆ ಹಾಕಿದರೆ ಕನ್ನಡದ ಬದಲು ಅರ್ಥವಿಲ್ಲದ ಚಿಹ್ನೆಗಳು ಬರುತ್ತವೆ, ಯುನಿಕೋಡಿಗೆ ಬದಲಿಸಬೇಕು ಎಂಬುದನ್ನು ಕೈಯಾರೆ ಕಲಿಯಲಿ. ಒಂದೇ ಪತ್ರಕ್ಕೆ ಪಟ್ಟಿಯಿಂದ ಬೇರೆ ಬೇರೆ ಹೆಸರು ಸೇರಿಸುವುದನ್ನು ನೋಡಿದರೆ ಒಬ್ಬ ಗುಮಾಸ್ತರ ಇಡೀ ದಿನದ ಕೆಲಸ ಕೆಲವೇ ನಿಮಿಷಕ್ಕೆ ಹೇಗೆ ಇಳಿಯಿತು ಎಂಬುದು ತಾನೇ ತಿಳಿಯುತ್ತದೆ. ಕೊನೆಗೆ ಒಂದು ಕೋಷ್ಟಕ: ಪತ್ರ ಯಾರಿಗೆ, ಯಾರ ಕೈಗೆ ಮುಟ್ಟಿತು, ಓದಿ ಹೇಳಿದವರು ಯಾರು, ಯಾರಿಗೆ ಮುಟ್ಟಲಿಲ್ಲ, ಏಕೆ. ಮುಟ್ಟದವರ ಮನೆಗೆ ಮಕ್ಕಳೋ ನಾವೋ ಹೋಗಿ ಹೇಳಿಬರಬೇಕು. ಮೌಲ್ಯಮಾಪನದಲ್ಲಿ ಪತ್ರದ ಅಂಗಗಳಿಗೆ ಕೊಡುವಷ್ಟೇ ಅಂಕ ಈ ಕೋಷ್ಟಕಕ್ಕೂ ಇರಲಿ.

ಎರಡು ಆಕ್ಷೇಪಣೆಗಳು ಬರಬಹುದು. ಒಂದು, ಪಠ್ಯ ಮುಗಿಸಲೇ ಸಮಯವಿಲ್ಲ ಎಂಬುದು. ಇಲ್ಲಿ ಹೊಸ ಪಾಠ ಸೇರಿಸುತ್ತಿಲ್ಲ. ಇರುವ ಎರಡು ಪಾಠಗಳನ್ನು ಒಂದು ನಿಜವಾದ ಕೆಲಸಕ್ಕೆ ಜೋಡಿಸುತ್ತಿದ್ದೇವೆ. ಇನ್ನೊಂದು, ಕಂಪ್ಯೂಟರ್ ಲ್ಯಾಬೇ ಇಲ್ಲ ಎಂಬುದು. ಲ್ಯಾಬ್ ಇಲ್ಲದ ಶಾಲೆಯಲ್ಲಿ ಶಿಕ್ಷಕರ ಒಂದು ಮೊಬೈಲಿನಲ್ಲೂ ಟೈಪು ಮಾಡಿಸಬಹುದು. ಕೋಷ್ಟಕಕ್ಕೆ ಹಾಳೆ, ಪೆನ್ಸಿಲ್ ಸಾಕು.

ಇಂದಿನ ಈ ಮಕ್ಕಳಲ್ಲೇ ಕೆಲವರು ನಾಳೆ ನಾಡಕಚೇರಿಯಲ್ಲಿ, ಬ್ಯಾಂಕಿನಲ್ಲಿ, ಸಕ್ಕರೆ ಕಾರ್ಖಾನೆಯ ಕಚೇರಿಯಲ್ಲಿ ಕಂಪ್ಯೂಟರಿನ ಮುಂದೆ ಕೂಡುತ್ತಾರೆ. ಅವರ ಮುಂದೆ ಉತಾರಕ್ಕೆ, ಪಿಂಚಣಿಗೆ, ಬಿಲ್ಲಿಗೆ ಜನ ನಿಲ್ಲುತ್ತಾರೆ. ‘ಮೆಸೇಜ್ ಕಳಿಸೇವಲ್ಲ, ನೋಡಿಲ್ಲೇನು?’ ಎನ್ನುವ ಗುಮಾಸ್ತರನ್ನು ಬೆಳೆಸಬೇಕೋ, ‘ನಿಮಗ ಮುಟ್ಟಿತೇನ್ರಿ?’ ಎಂದು ಕೇಳುವವರನ್ನೋ ಎಂಬುದನ್ನು ನಮ್ಮ ಪಾಠಯೋಜನೆಗಳೂ ಒಂದಿಷ್ಟು ನಿರ್ಧರಿಸುತ್ತವೆ. ಮುಂದಿನ ಬೋಧನಾಭ್ಯಾಸದ ಸುತ್ತಿನಲ್ಲಿ ಒಂದು ಶಾಲೆಯಲ್ಲಾದರೂ ಇದನ್ನು ಮಾಡಿ ನೋಡಲು ಮಾರ್ಗದರ್ಶಕ ಗುರುಗಳು ಅವಕಾಶ ಮಾಡಿಕೊಡಬೇಕೆಂದು ಕೋರುತ್ತೇನೆ.