ಅಂಗಳದಲ್ಲೊಂದು ಸರ್ಕಸ್

ಏಪ್ರಿಲ್, ಮೇ ತಿಂಗಳಲ್ಲಿ ಹುಟ್ಟಿದ ಮಕ್ಕಳದ್ದು ಯಾವಾಗಲೂ ಒಂದೇ ದೂರು. ಹೊಸ ಬಟ್ಟೆ ತೊಟ್ಟು ಶಾಲೆಗೆ ಹೋಗಿ ತರಗತಿಗೆಲ್ಲ ಚಾಕೊಲೇಟ್ ಹಂಚುವ ಭಾಗ್ಯ ಅವರಿಗಿಲ್ಲ. ಗೆಳೆಯರೆಲ್ಲ ಊರಿಗೆ ಹೋಗಿರುತ್ತಾರೆ. ಇದಕ್ಕೆ ಪರಿಹಾರವೂ ಅದೇ ರಜೆಯಲ್ಲಿದೆ. ದೊಡ್ಡಪ್ಪ, ಚಿಕ್ಕಪ್ಪ, ಅತ್ತೆ, ಮಾವಂದಿರ ಮಕ್ಕಳೆಲ್ಲ ಅಜ್ಜಿಯ ಮನೆಯಲ್ಲಿ ಸೇರಿದರೆ ಹತ್ತು-ಹನ್ನೆರಡು ತಲೆಯಾಗುತ್ತವೆ. ಒಂದು ಸರ್ಕಸ್ ಕಂಪೆನಿ ಕಟ್ಟಲು ಅಷ್ಟು ಜನ ಧಾರಾಳವಾಯಿತು.

ನಗರಗಳಲ್ಲಿ ಈಗ ಹುಟ್ಟುಹಬ್ಬಕ್ಕೆ ‘ಸರ್ಕಸ್ ಪಾರ್ಟಿ’ ಏರ್ಪಡಿಸಿಕೊಡುವವರೇ ಇದ್ದಾರೆ. ಹಣ ಕೊಟ್ಟರೆ ಪಟ್ಟೆಪಟ್ಟೆ ಡೇರೆ, ಬಲೂನಿನ ಕಮಾನು, ಬಣ್ಣ ಬಳಿದುಕೊಂಡ ಜೋಕರ್ ಎಲ್ಲ ಮನೆ ಬಾಗಿಲಿಗೆ ಬರುತ್ತದೆ. ಮಕ್ಕಳು ಮಾತ್ರ ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಸಾಲಾಗಿ ಕೂತಿರುತ್ತಾರೆ. ಅರ್ಧ ಗಂಟೆ ಕಳೆಯುವಷ್ಟರಲ್ಲಿ ಒಬ್ಬೊಬ್ಬರಾಗಿ ಅಮ್ಮನ ಮೊಬೈಲ್ ಕೇಳತೊಡಗುತ್ತಾರೆ. ಸರ್ಕಸ್ ನೋಡುವ ಸುಖ ದೊಡ್ಡವರಿಗಿರಲಿ, ಮಕ್ಕಳಿಗೆ ಬೇಕಾದದ್ದು ಸರ್ಕಸ್ ಮಾಡುವ ಸುಖ. ಅದಕ್ಕೆ ದೊಡ್ಡ ಖರ್ಚೇನೂ ಇಲ್ಲ. ಎರಡು ದಿನದ ತಾಲೀಮು, ಒಂದು ಸಂಜೆಯ ಒಂದೂವರೆ ಗಂಟೆ, ಮನೆಯಲ್ಲೇ ಇರುವ ಹತ್ತಾರು ಸಾಮಾನುಗಳು ಸಾಕು.

ಮೊದಲು ಆಗಬೇಕಾದದ್ದು ರಿಂಗ್. ಇಂಗ್ಲೆಂಡಿನ ಅಶ್ವದಳದಲ್ಲಿ ಸೈನಿಕನಾಗಿದ್ದ ಫಿಲಿಪ್ ಆಸ್ಟ್ಲಿ ಎಂಬಾತ 1768ರಲ್ಲಿ ಲಂಡನ್ನಿನಲ್ಲಿ ಕುದುರೆ ಸವಾರಿಯ ಪ್ರದರ್ಶನ ಆರಂಭಿಸಿದ. ಕುದುರೆ ನೇರವಾಗಿ ಓಡುವುದಕ್ಕಿಂತ ವೃತ್ತದಲ್ಲಿ ಓಡಿದಾಗ ಅದರ ಬೆನ್ನ ಮೇಲೆ ನಿಲ್ಲುವುದು ಸುಲಭ. ಸೈಕಲ್ ತಿರುವಿನಲ್ಲಿ ಹುಡುಗರು ತಾವಾಗಿಯೇ ಒಳಕ್ಕೆ ವಾಲುವಂತೆ ಸವಾರನೂ ಒಳಕ್ಕೆ ವಾಲಿ ಸಮತೋಲನ ಕಂಡುಕೊಳ್ಳುತ್ತಾನೆ. ವೃತ್ತದ ಅಳತೆ ಕೊನೆಗೆ 42 ಅಡಿ ವ್ಯಾಸಕ್ಕೆ ಬಂದು ನಿಂತಿತು. ಇಂದಿಗೂ ಸರ್ಕಸ್ ರಿಂಗ್‌ನ ಅಳತೆ ಅದೇ. ಮನೆಯಂಗಳಕ್ಕೆ 12 ಅಡಿ ಸಾಕು. ನಡುವೆ ಒಂದು ಮೊಳೆ ಹೊಡೆದು, ಅದಕ್ಕೆ 6 ಅಡಿಯ ಹಗ್ಗ ಕಟ್ಟಿ, ಹಗ್ಗ ಬಿಗಿಯಾಗಿಯೇ ಇರುವಂತೆ ಸುತ್ತ ನಡೆಯುತ್ತ ರಂಗೋಲಿ ಪುಡಿ ಉದುರಿಸಿದರೆ ವೃತ್ತ ಸಿದ್ಧ. ಈ ಕೆಲಸವನ್ನು ಆರನೆಯ, ಏಳನೆಯ ತರಗತಿಯ ಮಕ್ಕಳಿಗೆ ಬಿಡಬೇಕು. ಕೈವಾರ ಏನು ಮಾಡುತ್ತದೆಂಬುದು ಪುಸ್ತಕಕ್ಕಿಂತ ಇಲ್ಲಿ ಚೆನ್ನಾಗಿ ತಿಳಿಯುತ್ತದೆ. ಕೆಲಸ ಮುಗಿದ ಮೇಲೆ ಮೊಳೆ ಕೀಳುವುದನ್ನು ಮರೆಯಬಾರದು.

ನಮ್ಮ ದೇಶದಲ್ಲಿ ಸರ್ಕಸ್ ಬೆಳೆದದ್ದರ ಹಿಂದೆ ಒಬ್ಬ ಮೇಷ್ಟರಿದ್ದಾರೆ. 1880ರಲ್ಲಿ ವಿಷ್ಣುಪಂತ ಛತ್ರೆ ಮುಂಬಯಿಯಲ್ಲಿ ‘ಗ್ರೇಟ್ ಇಂಡಿಯನ್ ಸರ್ಕಸ್’ ಆರಂಭಿಸಿದರು. ಆದರೆ ಕಲಾವಿದರನ್ನು ತಯಾರು ಮಾಡಿದ ಕೀರ್ತಿ ಕೇರಳದ ತಲಶ್ಶೇರಿಯ ವ್ಯಾಯಾಮ ಶಿಕ್ಷಕ ಕೀಲೇರಿ ಕುಂಞಿಕಣ್ಣನ್ ಅವರದ್ದು. ಜೆಮಿನಿ ಸರ್ಕಸ್ ಸ್ಥಾಪಿಸಿದ ಶಂಕರನ್ ಅವರು ಕಲಿತದ್ದೂ ಇದೇ ಗರಡಿಯಲ್ಲಿ. ಅಭ್ಯಾಸವಿಲ್ಲದೆ ಸರ್ಕಸ್ಸಿಲ್ಲ ಎಂದು ಮಕ್ಕಳಿಗೆ ಹೇಳಲು ಈ ಕಥೆ ಚೆನ್ನ.

ಇನ್ನು ಆಟಗಳು. ಎಲ್ಲಕ್ಕಿಂತ ಹೆಚ್ಚು ಚಪ್ಪಾಳೆ ಗಿಟ್ಟಿಸುವುದು ಹಗ್ಗದ ಮೇಲಿನ ನಡಿಗೆ. ಹಳ್ಳಿಯಲ್ಲಿ ದೊಂಬರಾಟ ಕಂಡವರಿಗೆ ಇದನ್ನು ವಿವರಿಸಬೇಕಿಲ್ಲ. ಮನೆಯ ಸರ್ಕಸ್ಸಿನಲ್ಲಿ ಹಗ್ಗ ನೆಲದ ಮೇಲೆಯೇ ಇರಬೇಕು. ಬಾವಿಯ ದಪ್ಪ ಹಗ್ಗವನ್ನು ನೇರವಾಗಿ ಹಾಸಿ, ಬರಿಗಾಲಲ್ಲಿ ಅದರ ಮೇಲೆ ನಡೆಯುವುದು. ಸುಲಭವೆಂದು ತೋರುತ್ತದೆ, ಆದರೆ ಐದನೆಯ ಹೆಜ್ಜೆಗೆ ಕೈಗಳೆರಡೂ ಹಕ್ಕಿಯ ರೆಕ್ಕೆಯಂತೆ ಬಡಿಯತೊಡಗುತ್ತವೆ. ಆಗ ಕೈಗೊಂದು ಉದ್ದನೆಯ ಬಿದಿರ ಗಳ ಕೊಟ್ಟು ನೋಡಬೇಕು. ಅದೇ ಮಗು ಹೆಚ್ಚು ದೂರ ಸಾಗುತ್ತದೆ.

ಗಳ ಮಾಡುವ ಕೆಲಸವೇನು? ನೆಲ ಒರೆಸುವ ಕೋಲಿನ ನಡುವಿಗೆ ನೀರು ತುಂಬಿದ ಎರಡು ಬಾಟಲಿಗಳನ್ನು ಕಟ್ಟಿ, ನಡುವೆಯೇ ಹಿಡಿದು, ಅತ್ತಿತ್ತ ಬೇಗಬೇಗ ತಿರುಗಿಸಿದರೆ ಕೋಲು ಹೇಳಿದಂತೆ ಕೇಳುತ್ತದೆ. ಅವೇ ಬಾಟಲಿಗಳನ್ನು ಎರಡು ತುದಿಗಳಿಗೆ ಕಟ್ಟಿದರೆ ಕೋಲು ಹಟ ಹಿಡಿಯುತ್ತದೆ. ತೂಕ ಹೆಚ್ಚಿಲ್ಲ, ಅದು ನಡುವಿನಿಂದ ದೂರ ಹೋಗಿದೆ ಅಷ್ಟೆ. ಹಗ್ಗದ ಮೇಲಿರುವವನ ದೇಹ ವಾಲಲು ಹೊರಟಾಗ ಉದ್ದನೆಯ ಗಳವೂ ಜೊತೆಗೆ ತಿರುಗಬೇಕಾಗುತ್ತದೆ. ಅದು ನಿಧಾನ. ಆ ನಿಧಾನದಲ್ಲಿ ಕಾಲು ತನ್ನ ತಪ್ಪನ್ನು ತಿದ್ದಿಕೊಳ್ಳಲು ಒಂದಿಷ್ಟು ಹೊತ್ತು ದೊರೆಯುತ್ತದೆ. ಹಗ್ಗದ ನಡಿಗೆಯವರು ಸಂಪಾದಿಸುವುದು ಈ ಅರೆಕ್ಷಣವನ್ನೇ.

ಇದೇ ಗುಟ್ಟಿನ ಇನ್ನೊಂದು ಆಟವೂ ಇದೆ. ಅಂಗೈಯ ಮೇಲೆ ಅಡಿಪಟ್ಟಿಯನ್ನು ನೆಟ್ಟಗೆ ನಿಲ್ಲಿಸಲು ಯಾರಿಗೂ ಆಗುವುದಿಲ್ಲ. ಜೇಡರ ಬಲೆ ತೆಗೆಯುವ ಉದ್ದನೆಯ ಕೋಲನ್ನು, ಅದೂ ಕುಂಚದ ಭಾಗ ಮೇಲಿರುವಂತೆ, ಸ್ವಲ್ಪ ಅಭ್ಯಾಸವಾದ ಮೇಲೆ ಎಂಟು ವರ್ಷದ ಹುಡುಗಿಯೂ ನಿಲ್ಲಿಸುತ್ತಾಳೆ. ಮಕ್ಕಳೆಲ್ಲ ಚಿಕ್ಕದೇ ಸುಲಭವೆಂದು ಪಂದ್ಯ ಕಟ್ಟಿರುತ್ತಾರೆ. ಪಂದ್ಯ ಕಟ್ಟಿಸಿದ ಮೇಲೆಯೇ ತೋರಿಸಬೇಕು!

ಚೆಂಡುಗಳನ್ನು ಒಂದರ ಹಿಂದೊಂದು ಎಸೆದು ಹಿಡಿಯುವ ಆಟ ಚಿಕ್ಕ ಮಕ್ಕಳಿಗೆ ಒಗ್ಗುವುದಿಲ್ಲ. 4 ಅಡಿ ಎತ್ತರಕ್ಕೆ ಎಸೆದ ಚೆಂಡು ಸುಮಾರು ಒಂದು ಸೆಕೆಂಡಿನಲ್ಲಿ ಕೈಗೆ ವಾಪಸಾಗುತ್ತದೆ. 1 ಅಡಿ ಎಸೆದರೆ ಅರ್ಧ ಸೆಕೆಂಡು. ಅಂದರೆ ದುಪ್ಪಟ್ಟು ಸಮಯ ಬೇಕಿದ್ದರೆ ನಾಲ್ಕು ಪಟ್ಟು ಎತ್ತರ ಎಸೆಯಬೇಕು, ಎತ್ತರ ಎಸೆದರೆ ಗುರಿ ತಪ್ಪುತ್ತದೆ. ಇದಕ್ಕೆ ಉಪಾಯವೆಂದರೆ ಹಳೆಯ ತೆಳು ದುಪಟ್ಟಾವನ್ನು ಕರವಸ್ತ್ರದಷ್ಟಗಲ ಕತ್ತರಿಸಿ, ಚೆಂಡಿನ ಬದಲು ಆ ತುಂಡುಗಳನ್ನು ಎಸೆಯುವುದು. ಗಾಳಿ ಅವನ್ನು ತಡೆದು ನಿಧಾನವಾಗಿ ಇಳಿಸುತ್ತದೆ. ಮೂರು ತುಂಡು ಒಲಿದ ಮೇಲೆ ಚೆಂಡಿಗೆ ಹೋಗಬಹುದು. ಅಂದಹಾಗೆ, ಐದು ಕಲ್ಲಿನ ಆಟ ಆಡಿ ಬೆಳೆದ ಅಜ್ಜಿಯನ್ನು ಈ ಹೊತ್ತಿನಲ್ಲಿ ರಿಂಗ್‌ಗೆ ಕರೆಯಬೇಕು. ಮೊಮ್ಮಕ್ಕಳು ಬಾಯಿ ಬಿಟ್ಟು ನೋಡುತ್ತಾರೆ.

ಗೋಳದೊಳಗೆ ಮೋಟಾರ್ ಸೈಕಲ್ ತಲೆಕೆಳಗಾಗಿ ಓಡಿಸುವುದಕ್ಕೆ ಬದಲಾಗಿ ಸಣ್ಣ ಬಕೆಟ್ಟಿಗೆ ಅರ್ಧ ನೀರು ತುಂಬಿ ತಲೆಯ ಮೇಲಿನಿಂದ ಸುತ್ತ ತಿರುಗಿಸಬಹುದು. ಒಂದು ಸುತ್ತಿಗೆ ಒಂದು ಸೆಕೆಂಡಿನ ವೇಗವಿದ್ದರೆ ಹನಿಯೂ ಚೆಲ್ಲದು. ಮೇಲೆ ಹೋದಾಗ ನೀರೇನೂ ಬೀಳದೆ ಸುಮ್ಮನಿರುವುದಿಲ್ಲ, ಅದು ಬೀಳುವುದಕ್ಕಿಂತ ಬೇಗ ಬಕೆಟ್ಟೇ ಕೆಳಕ್ಕೆ ಬಂದುಬಿಡುತ್ತದೆ. ಹಿಡಿಕೆ ಗಟ್ಟಿಯಿದೆಯೇ ಎಂದು ನೋಡಿಕೊಂಡು ಸೋದರಮಾವನಂಥವರು ಇದನ್ನು ಮಾಡಲಿ. ಅಳುಕಿ ನಿಧಾನ ಮಾಡಿದರೆ ಮಾವನಿಗೆ ಸ್ನಾನ. ಮಕ್ಕಳು ಬಯಸುವುದೂ ಅದನ್ನೇ.

ಸಿಂಹವಿಲ್ಲದ ಸರ್ಕಸ್ ಎಂಥದೆಂದು ಹಿರಿಯರು ಕೇಳಬಹುದು. ಹುಲಿ, ಸಿಂಹ, ಚಿರತೆ, ಕರಡಿ, ಕೋತಿಗಳನ್ನು ಪ್ರದರ್ಶನಕ್ಕೆ ಪಳಗಿಸಿ ಕುಣಿಸಬಾರದೆಂದು ಕೇಂದ್ರ ಸರ್ಕಾರ 1998ರಲ್ಲಿ ಅಧಿಸೂಚನೆ ಹೊರಡಿಸಿತು. 2001ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಚಾಟಿಗೆ ಹೆದರಿ ಸ್ಟೂಲಿನ ಮೇಲೆ ಕೂರುವ ಹುಲಿಗಿಂತ ನಮ್ಮ ಕರಾವಳಿಯ ಹುಲಿವೇಷವೇ ನೋಡಲು ಚೆಂದ. ರಟ್ಟಿನ ಮುಖವಾಡ, ಹಳದಿ ಬನಿಯನ್ನಿಗೆ ಕಪ್ಪು ಪಟ್ಟೆ, ಲಂಗದ ದಾರದ ಬಾಲವಿದ್ದರೆ ಮನೆಯ ಅತಿ ತುಂಟ ಹುಡುಗನಿಗೆ ಹೇಳಿಮಾಡಿಸಿದ ಪಾತ್ರವಾಯಿತು. ಅವನು ಹಾರಬೇಕಾದ ಬಳೆಗೆ ಕೆಂಪು, ಹಳದಿ ಕಾಗದದ ಪಟ್ಟಿ ಅಂಟಿಸಿದರೆ ಬೆಂಕಿಯ ಬಳೆಯೇ.

ಮಕ್ಕಳ ಮಾತು ಬಂದಾಗ ಇನ್ನೊಂದು ವಿಷಯವೂ ಇದೆ. ಸರ್ಕಸ್ ಕಂಪೆನಿಗಳಲ್ಲಿ ಬಡ ಮಕ್ಕಳನ್ನು ದುಡಿಸಿಕೊಳ್ಳುತ್ತಿದ್ದ ಕಾಲವೊಂದಿತ್ತು. ಅದನ್ನು ನಿಷೇಧಿಸುವಂತೆ ಸುಪ್ರೀಂ ಕೋರ್ಟ್ ಆದೇಶಿಸಿದ್ದು 2011ರಲ್ಲಿ. ಆಟವಾಗಿರುವಷ್ಟು ಹೊತ್ತು ಮಾತ್ರ ಸರ್ಕಸ್ ಮಕ್ಕಳದ್ದು. ಆದ್ದರಿಂದ ಒಲ್ಲೆ ಎಂದ ಮಗುವನ್ನು ರಿಂಗ್‌ಗೆ ತಳ್ಳಬಾರದು. ಟಿಕೆಟ್ ಹರಿಯಲು, ತಟ್ಟೆ ಬಡಿದು ಬ್ಯಾಂಡ್ ಬಾರಿಸಲು, ಪರದೆ ಎಳೆಯಲು ಜನ ಬೇಕೇ ಬೇಕಲ್ಲ.

ಇಷ್ಟರವರೆಗೆ ಹೇಳಿದ ಆಟಗಳಲ್ಲಿ ಹೆಚ್ಚೆಂದರೆ ಮೊಣಕಾಲು ತರಚೀತು. ನಿಜವಾದ ಅಪಾಯ ಇರುವುದು ಅಲಂಕಾರದಲ್ಲಿ. 1981ರ ಫೆಬ್ರುವರಿ 7ರಂದು ಬೆಂಗಳೂರಿನಲ್ಲಿ ವೀನಸ್ ಸರ್ಕಸ್ಸಿನ ಡೇರೆಗೆ ಬೆಂಕಿ ಬಿದ್ದು 92 ಮಂದಿ ತೀರಿಕೊಂಡರು. ಅವರಲ್ಲಿ ಹೆಚ್ಚಿನವರು ಮಕ್ಕಳು. ಆ ತಲೆಮಾರಿನ ಬೆಂಗಳೂರಿಗರು ಇಂದಿಗೂ ಅದನ್ನು ಮರೆತಿಲ್ಲ. ಅದಕ್ಕೂ ಮುಂಚೆ 1944ರಲ್ಲಿ ಅಮೆರಿಕದ ಹಾರ್ಟ್‌ಫರ್ಡ್‌ನಲ್ಲಿ ಇಂಥದೇ ಬೆಂಕಿಗೆ ಕನಿಷ್ಠ 167 ಜನ ಬಲಿಯಾಗಿದ್ದರು. ಅಲ್ಲಿ ಮಳೆನೀರು ಸೋರದಿರಲೆಂದು ಡೇರೆಯ ಬಟ್ಟೆಗೆ ಪ್ಯಾರಾಫಿನ್ ಮೇಣವನ್ನು ಪೆಟ್ರೋಲಿನಲ್ಲಿ ಕರಗಿಸಿ ಬಳಿದಿದ್ದರು. ಡೇರೆಯೇ ಒಂದು ದೊಡ್ಡ ಮೇಣದ ಬತ್ತಿಯಾಗಿತ್ತು.

ಮನೆಯ ಡೇರೆ ಅಷ್ಟು ದೊಡ್ಡದಲ್ಲ, ನಿಜ. ಆದರೆ ಅಲ್ಲಿಯೂ ಬಟ್ಟೆಯಿದೆ, ಕಾಗದದ ತೋರಣವಿದೆ, ನಡುವೆ ಕೇಕಿನ ಮೇಲೆ ದೀಪವಿದೆ, ಮೇಲೆ ಬಲೂನಿದೆ. ತೇಲುವ ಬಲೂನಿನೊಳಗೆ ಏನಿದೆಯೆಂದು ಕೇಳುವವರು ಕಡಿಮೆ. ಹೀಲಿಯಂ ಆದರೆ ಉರಿಯುವುದಿಲ್ಲ, ಆದರೆ ಅದು ದುಬಾರಿ. ಜಾತ್ರೆಯಲ್ಲಿ, ರಸ್ತೆ ಬದಿಯಲ್ಲಿ ಮಾರುವ ಅಗ್ಗದ ಬಲೂನಿನಲ್ಲಿ ಅನೇಕ ವೇಳೆ ಇರುವುದು ಜಲಜನಕ. ಅಲ್ಯೂಮಿನಿಯಂ ಚೂರುಗಳಿಗೆ ಕಾಸ್ಟಿಕ್ ಸೋಡಾ ಮತ್ತು ನೀರು ಸೇರಿಸಿದರೆ ಅದು ಬುಸುಗುಟ್ಟಿ ಹೊರಡುತ್ತದೆ. ಗಾಳಿಯಲ್ಲಿ ಜಲಜನಕದ ಪ್ರಮಾಣ ಶೇ 4ರಿಂದ ಶೇ 75ರವರೆಗೆ ಎಷ್ಟಿದ್ದರೂ ಒಂದು ಕಿಡಿ ಸಾಕು, ಹೊತ್ತಿಕೊಳ್ಳುತ್ತದೆ. ಬಣ್ಣವಿಲ್ಲ, ವಾಸನೆಯಿಲ್ಲ, ಹಗಲಿನಲ್ಲಿ ಅದರ ಜ್ವಾಲೆಯೂ ಸರಿಯಾಗಿ ಕಾಣುವುದಿಲ್ಲ. ಹತ್ತಾರು ಬಲೂನಿನ ಗೊಂಚಲಿನಲ್ಲಿ ಒಂದಕ್ಕೆ ದೀಪ ತಗುಲಿದರೆ ಉಳಿದವು ಕಾಯುವುದಿಲ್ಲ. ಕೆಳಗೆ ಹನ್ನೆರಡು ಮಕ್ಕಳ ಮುಖಗಳಿರುತ್ತವೆ.

ಹೀಗಾಗಿ ತೇಲುವ ಬಲೂನು ಬೇಡವೇ ಬೇಡ. ಬಾಯಿಂದ ಊದಿದ ಬಲೂನನ್ನು ದಾರ ಕಟ್ಟಿ ತೂಗುಬಿಟ್ಟರೆ ಅಂದಕ್ಕೆ ಕೊರತೆಯಿಲ್ಲ. ತಲೆಕೂದಲಿಗೆ ಉಜ್ಜಿ ಗೋಡೆಗೆ ಅಂಟಿಸುವ ಮೋಜೂ ಸಿಗುತ್ತದೆ. (ಬಯಲುಸೀಮೆಯ ಒಣ ಹವೆಯಲ್ಲಿ ಚೆನ್ನಾಗಿ ಅಂಟುತ್ತದೆ, ಮಂಗಳೂರಿನ ಸೆಕೆಯಲ್ಲಿ ಅಷ್ಟಾಗಿ ಇಲ್ಲ.) ಕೇಕ್ ಕತ್ತರಿಸುವಾಗ ಮುಖಕ್ಕೆ ಎರಚುವ ನೊರೆಯ ಡಬ್ಬಿಯೂ ಬೇಡ. ಅದರೊಳಗಿನ ನೊರೆಯನ್ನು ಹೊರದೂಡುವುದು ಸಾಮಾನ್ಯವಾಗಿ ಅಡುಗೆ ಅನಿಲದ ಜಾತಿಯದೇ ಅನಿಲ. ದೀಪದ ಮುಂದೆ ಅದನ್ನು ಚಿಮ್ಮಿಸುವುದೂ ಒಲೆಗೆ ಗ್ಯಾಸ್ ಬಿಡುವುದೂ ಒಂದೇ. ಡೇರೆಗೆ ಅಜ್ಜಿಯ ಹಳೆಯ ಹತ್ತಿ ಸೀರೆಗಳಿರಲಿ. ಪಾಲಿಯೆಸ್ಟರ್, ನೈಲಾನ್ ಹೊತ್ತಿಕೊಂಡರೆ ಕರಗಿ ಮೈಗೆ ಅಂಟುತ್ತವೆ. ಹತ್ತಿಯೂ ಉರಿಯುತ್ತದೆ ಎಂಬುದು ನೆನಪಿರಬೇಕು. ಎರಡು ಕಡೆ ಪೂರ್ತಿ ತೆರೆದಿದ್ದು, ಮೂಲೆಯಲ್ಲಿ ಎರಡು ಬಕೆಟ್ ನೀರಿರಬೇಕು. ಕೇಕಿನ ದೀಪ ಡೇರೆಯೊಳಗಲ್ಲ, ಬಯಲಲ್ಲಿ. ಆಟವನ್ನು ನಾಲ್ಕು ಗಂಟೆಗೆ ಆರಂಭಿಸಿದರೆ ಬೇರೆ ದೀಪವೂ ಬೇಡ. ಮೇ ತಿಂಗಳ ಗಾಳಿಮಳೆ ಬರುವ ಮೊದಲೇ ಮುಗಿಯುತ್ತದೆ. ಗುಡುಗು ಕೇಳಿದೊಡನೆ ಕಂಪೆನಿ ಸಮೇತ ಒಳಗೆ ಬಂದುಬಿಡಬೇಕು.

ಜೋಕರ್ ಮುಖಕ್ಕೆ ಚಿತ್ರ ಬರೆಯುವ ಬಣ್ಣವಾಗಲಿ, ಸುಣ್ಣವಾಗಲಿ ಕೂಡದು. ಸುಣ್ಣ ಕಣ್ಣನ್ನೇ ತೆಗೆದೀತು. ಮೂಗಿಗೆ ಲಿಪ್‌ಸ್ಟಿಕ್, ಹುಬ್ಬಿಗೆ ಕಾಡಿಗೆ ಸಾಕು. ತಿಂಡಿಗೆ ಚುರುಮುರಿ, ಪಾಪ್‌ಕಾರ್ನ್, ಪಾನಕ. ಮೆಕ್ಕೆಜೋಳದ ಕಾಳಿನೊಳಗಿನ ತೇವ ಕಾದು ಹಬೆಯಾಗಿ ಸಿಪ್ಪೆಯನ್ನು ಸಿಡಿಸುವುದನ್ನು ಗಾಜಿನ ಮುಚ್ಚಳದ ಪಾತ್ರೆಯಲ್ಲಿ ದೂರದಿಂದ ತೋರಿಸಬಹುದು. ಪೊಟ್ಟಣಕ್ಕೆ ಬಿಳಿ ಹಾಳೆ ಬಳಸಬೇಕು, ಹಳೆಯ ಪತ್ರಿಕೆಯಲ್ಲ. ಮುದ್ರಣದ ಶಾಯಿ ತಿನ್ನಲು ಯೋಗ್ಯವಲ್ಲ. ಈ ಪುರವಣಿಯ ಹಾಳೆಗೂ ಈ ಮಾತು ಅನ್ವಯಿಸುತ್ತದೆ. ನಾಲ್ಕು ವರ್ಷದೊಳಗಿನ ಕೂಸುಗಳಿಗೆ ಪಾಪ್‌ಕಾರ್ನ್ ಕೊಡಬಾರದು, ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ.

ಎಲ್ಲ ಮುಗಿದು ಮಕ್ಕಳು ಕೈ ತೊಳೆಯಲು ಓಡಿದಾಗ ದೊಡ್ಡವರೊಬ್ಬರು ಅಂಗಳವನ್ನೊಮ್ಮೆ ಸುತ್ತಿ ಬರಬೇಕು. ಒಡೆದ ಬಲೂನಿನ ರಬ್ಬರ್ ಚೂರುಗಳನ್ನು ಒಂದೂ ಬಿಡದೆ ಹೆಕ್ಕಬೇಕು. ಅಂಬೆಗಾಲಿಡುವ ಕೂಸು ಅದನ್ನು ಬಾಯಿಗಿಟ್ಟರೆ ಉಸಿರಿನ ದಾರಿಗೆ ಪರದೆಯಂತೆ ಅಂಟಿಕೊಳ್ಳುತ್ತದೆ, ಬೆರಳು ಹಾಕಿ ತೆಗೆಯಲೂ ಆಗುವುದಿಲ್ಲ. ಎಷ್ಟು ಬಲೂನು ಊದಿದ್ದೆಂದು ಮೊದಲೇ ಎಣಿಸಿಟ್ಟರೆ ಎಷ್ಟು ಒಡೆದಿದೆಯೆಂಬ ಲೆಕ್ಕ ಸುಲಭವಾಗಿ ಸಿಗುತ್ತದೆ.